ಯಜಮಾನನ ಕಣ್ಣಿಗೆ ಬೀಳದ ದೀಪ

ಹೊಸಹಳ್ಳಿ ಎಂಬ ಹೆಸರಿನ ಊರುಗಳಿಗೆ ಕನ್ನಡ ನಾಡಿನಲ್ಲಿ ಬರಗಾಲವಿಲ್ಲ. ಆದರೆ ಬೆಂಗಳೂರಿನಿಂದ ಹಂಪೆಯನ್ನು ನೋಡಲೆಂದು ಕಾರಿನಲ್ಲಿ ಹೊರಟ ಸಂಸಾರಕ್ಕೆ ಹಾದಿಯಲ್ಲಿ ಎದುರಾಗುವ ಹೊಸಹಳ್ಳಿ ಕೂಡ್ಲಿಗಿ ತಾಲ್ಲೂಕಿನದು. ಕಾನಾಹೊಸಹಳ್ಳಿ ಎಂದು ಅದಕ್ಕೆ ರೂಢಿಯ ಹೆಸರು. ಚಿತ್ರದುರ್ಗವನ್ನು ದಾಟಿ ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕೂಡ್ಲಿಗಿಗಿಂತ ಮೊದಲೇ ಅದು ಸಿಗುತ್ತದೆ. ಈ ಹೆದ್ದಾರಿಗೆ ಹಿಂದೆ ಇದ್ದ ಸಂಖ್ಯೆ 13, ಈಗಿನದು 50. ಊರಿಗೂ ಇಂಥ ಬದಲಾವಣೆಗಳು ಹೊಸವಲ್ಲ. ಮದರಾಸಿನ ಆಡಳಿತದಲ್ಲಿದ್ದ ಈ ಸೀಮೆ 1953ರಲ್ಲಿ ಮೈಸೂರಿಗೆ ಸೇರಿತು. ಬಳ್ಳಾರಿ ಜಿಲ್ಲೆಯದಾಗಿದ್ದುದು 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಊರು ಮಾತ್ರ ಇದ್ದಲ್ಲಿಯೇ ಇದೆ.

ಹಗಲಿನಲ್ಲಿ ಈ ಹಾದಿ ಕಣ್ಣಿಗೆ ತೆರೆದ ಪುಸ್ತಕದಂತೆ. ಎರಡು ಬದಿಯಲ್ಲಿಯೂ ಶೇಂಗಾ, ಜೋಳ, ಮೆಕ್ಕೆಜೋಳದ ಹೊಲಗಳು, ಅವುಗಳಾಚೆ ಕಲ್ಲುಗುಡ್ಡಗಳು. ಹೊತ್ತು ಮುಳುಗಿದ ಮೇಲೆ ಚಿತ್ರವೇ ಬೇರೆ. ಒಂದೂರಿನ ದೀಪಗಳು ಹಿಂದೆ ಸರಿದು ಮತ್ತೊಂದೂರಿನ ದೀಪಗಳು ಕಾಣಿಸುವವರೆಗೆ ಕತ್ತಲೆ. ಆ ಕತ್ತಲೆಯಲ್ಲಿ ಭಾರದ ಲಾರಿಗಳು, ಫಸಲು ಹೇರಿಕೊಂಡ ಟ್ರಾಕ್ಟರುಗಳು, ಒಮ್ಮೊಮ್ಮೆ ಎತ್ತಿನ ಬಂಡಿ. ಮುಂದೆ ಹೋಗುತ್ತಿರುವ ವಾಹನ ಯಾವುದು, ಎಷ್ಟು ದೂರದಲ್ಲಿದೆ, ನಿಂತಿದೆಯೋ ಚಲಿಸುತ್ತಿದೆಯೋ ಎಂಬುದನ್ನು ಹಿಂದಿನವನಿಗೆ ತಿಳಿಸುವ ಸಾಧನವೆಂದರೆ ಅದರ ಬೆನ್ನಿನ ಮೇಲಿರುವ ಎರಡು ಕೆಂಪು ದೀಪಗಳು. ಐದು ವ್ಯಾಟಿನ ಎರಡು ಪುಟ್ಟ ಬಲ್ಬುಗಳು! ದೇವರ ಮನೆಯ ರಾತ್ರಿದೀಪಕ್ಕೆ ಹಾಕುವಷ್ಟೇ ಶಕ್ತಿಯ ಬಲ್ಬು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಸೂರ್ಯಾಸ್ತವಾದ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವವರೆಗೂ ದೀಪಗಳು ಉರಿಯಬೇಕು. ಕಾರಿನ ಹಿಂಬದಿಯ ಕೆಂಪು ದೀಪಗಳು 155 ಮೀಟರು ದೂರದಿಂದ ಕಾಣಬೇಕು. ಈ ಅಂಕೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರು ಕ್ರಮಿಸುತ್ತದೆ. ಎಂದರೆ, 155 ಮೀಟರು ಕ್ರಮಿಸಲು ಏಳು ಸೆಕೆಂಡು. ಕೆಂಪು ದೀಪ ಉರಿಯುತ್ತಿದ್ದರೆ ಹಿಂದಿನವನ ಕೈಯಲ್ಲಿ ಈ ಏಳು ಸೆಕೆಂಡುಗಳಿವೆ. ಅದು ಆರಿದ್ದರೆ, ಅವನ ಆಧಾರ ತನ್ನ ಮುಂದೀಪವೊಂದೇ. ತಗ್ಗಿಸಿದ ಮುಂದೀಪದ ಬೆಳಕು ಐವತ್ತು ಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಎರಡು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ಮುಟ್ಟಿಸುವುದರೊಳಗೆ ಒಂದು ಸೆಕೆಂಡು ಕಳೆದಿರುತ್ತದೆ. ಉಳಿದ ದೂರದಲ್ಲಿ, ಒಣ ರಸ್ತೆಯಲ್ಲಿಯೂ, ಕಾರು ನಿಲ್ಲಲಾರದು. ಲಾರಿಯ ಮಾತಂತೂ ಬೇಡ.

ಎರಡು ದೀಪಗಳೂ ಆರಿದ ಕಾರಿಗಿಂತ ಒಂದೇ ದೀಪ ಉರಿಯುವ ಕಾರು ಮೋಸಕ್ಕೆ ಹೆಚ್ಚು ಅನುಕೂಲವಾದದ್ದು. ಕತ್ತಲೆಯಲ್ಲಿ ಒಂಟಿ ಕೆಂಪು ದೀಪವನ್ನು ಕಂಡವನು ಅದನ್ನು ಮೋಟಾರು ಸೈಕಲೆಂದು ಬಗೆಯುವುದು ಸಹಜ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುತ್ತವೆ, ಬಲಗಡೆಯಿಂದ ಮುಂದೆ ಹಾಯುತ್ತವೆ. ಆರಿದ್ದು ಬಲಗಡೆಯ ದೀಪವಾಗಿದ್ದರೆ, 'ಮೋಟಾರು ಸೈಕಲಿ'ನ ಪಕ್ಕದಲ್ಲಿ ಖಾಲಿಯಿದೆಯೆಂದು ಹಿಂದಿನವನು ನುಗ್ಗುವ ಜಾಗದಲ್ಲಿಯೇ ಕಾರಿನ ಉಳಿದರ್ಧ ನಿಂತಿರುತ್ತದೆ.

ಇಷ್ಟು ಮಹತ್ತ್ವದ ದೀಪಕ್ಕೆ ಒಂದು ದುರದೃಷ್ಟವಿದೆ. ಮುಂದೀಪ ಕೆಟ್ಟರೆ ಯಜಮಾನನಿಗೆ ಆ ಕ್ಷಣವೇ ದಾರಿ ಕಾಣದಾಗುತ್ತದೆ, ರಿಪೇರಿಯೂ ಆಗುತ್ತದೆ. ಹಿಂದೀಪ ಉರಿಯುವುದು ಪರರಿಗಾಗಿ. ಅದು ಆರಿ ತಿಂಗಳುಗಟ್ಟಲೆಯಾದರೂ ಕಾರಿನೊಳಗೆ ಕುಳಿತವರಿಗೆ ಸುದ್ದಿಯಿಲ್ಲ. ಇಂಡಿಕೇಟರಿನ ಬಲ್ಬು ಕೆಟ್ಟರೆ ಈಗಿನ ಕಾರುಗಳಲ್ಲಿ ಟಿಕ್ ಟಿಕ್ ಸದ್ದು ಅವಸರದಿಂದ ಬಡಿದುಕೊಂಡು ದೂರು ಹೇಳುತ್ತದೆ. ಸಾಮಾನ್ಯ ಕಾರಿನ ಹಿಂದೀಪಕ್ಕೆ ಅಷ್ಟೂ ಬಾಯಿಲ್ಲ.

ಪರೀಕ್ಷೆ ಮಾತ್ರ ಬಹಳ ಸುಲಭ. ರಾತ್ರಿ ಕಾರನ್ನು ಮನೆಯ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ದೀಪ ಹಾಕಿದರೆ ಗೋಡೆಯ ಮೇಲೆ ಕೆಂಪು ಬೆಳಕಿನ ಎರಡು ಮಚ್ಚೆಗಳು ಬೀಳಬೇಕು. ಕನ್ನಡಿಯಲ್ಲಿ ನೋಡುತ್ತ ಬ್ರೇಕನ್ನು ಒತ್ತಿದರೆ ಎರಡೂ ಒಮ್ಮೆಗೇ ಪ್ರಜ್ವಲಿಸಬೇಕು. ಮನೆಯಲ್ಲಿ ಮಕ್ಕಳಿದ್ದರೆ ಗೋಡೆಯೂ ಬೇಡ. ಹಿಂದೆ ನಿಂತು "ಎಡಗಡೇದು ಹತ್ತಿತು, ಬಲಗಡೇದು ಹತ್ತಲಿಲ್ಲ" ಎಂದು ಕೂಗುವ ಅಧಿಕಾರ ಸಿಕ್ಕಿದರೆ ಅವರಿಗೆ ಅದಕ್ಕಿಂತ ದೊಡ್ಡ ಪದವಿಯಿಲ್ಲ.

ಹತ್ತಲಿಲ್ಲವೆಂದ ಕೂಡಲೇ ಬಲ್ಬನ್ನು ತರಲು ಓಡಬೇಕಾಗಿಲ್ಲ. ಹಿಂದಿನ ದೀಪಗಳೆಲ್ಲ ಒಟ್ಟಿಗೆ ಆರಿದ್ದರೆ ಮೊದಲು ಫ್ಯೂಸನ್ನು ನೋಡಬೇಕು. ಬ್ರೇಕಿನ ದೀಪಗಳು ಮಾತ್ರ ಒಂದೂ ಹತ್ತದಿದ್ದರೆ, ಫ್ಯೂಸಿನ ಜೊತೆಗೆ ಪೆಡಲಿನ ಬಳಿ ಇರುವ ಚಿಕ್ಕ ಸ್ವಿಚ್ಚಿನ ಮೇಲೆಯೂ ಸಂಶಯಪಡಬಹುದು. ಒಂದು ಬದಿಯದು ಮಾತ್ರ ಆರಿದ್ದರೆ ಬಲ್ಬು ಅಥವಾ ಅದರ ಹೋಲ್ಡರಿನದೇ ದೋಷ.

ಇನ್ನು ಅಂಗಡಿಯ ಪ್ರಸಂಗ. "ಹಿಂದಿನ ಲೈಟಿನ ಬಲ್ಬು ಕೊಡಿ" ಎಂದರೆ ಆಟೋ ಎಲೆಕ್ಟ್ರಿಕಲ್ ಅಂಗಡಿಯವನು ಮರುಪ್ರಶ್ನೆ ಹಾಕುತ್ತಾನೆ: "ಯಾವ ಗಾಡಿ ಸಾರ್? ಸಿಂಗಲ್ ಪಾಯಿಂಟಾ, ಡಬಲ್ ಪಾಯಿಂಟಾ?" ಪಟ್ಟಣದ ವಿದ್ಯಾವಂತ ಗೃಹಸ್ಥ ತಬ್ಬಿಬ್ಬಾಗುವುದು ಇಲ್ಲಿಯೇ. ಪ್ರಶ್ನೆಯಲ್ಲಿ ಬಹಳ ಅರ್ಥವಿದೆ. ಹಿಂದೀಪಗಳ ಗೂಡಿನಲ್ಲಿ ನೋಡಲು ಅಕ್ಕತಂಗಿಯರಂತಿರುವ, ಗುಣದಲ್ಲಿ ಬೇರೆ ಬೇರೆಯಾದ ಬಲ್ಬುಗಳು ವಾಸಿಸುತ್ತವೆ.

ಅನೇಕ ಕಾರುಗಳಲ್ಲಿ ಹಿಂದೀಪಕ್ಕೂ ಬ್ರೇಕಿನ ದೀಪಕ್ಕೂ ಬಲ್ಬು ಒಂದೇ. ಅದರೊಳಗೆ ಎರಡು ತಂತಿಗಳಿವೆ: 5 ವ್ಯಾಟಿನದು ರಾತ್ರಿಯಿಡೀ ಮಂದವಾಗಿ ಉರಿಯಲು, 21 ವ್ಯಾಟಿನದು ಬ್ರೇಕು ಒತ್ತಿದಾಗ ಬೆಳಗಲು. ಲೋಹದ ಬುಡದಲ್ಲಿ ಎರಡು ಸೀಸದ ಚುಕ್ಕೆಗಳಿರುವುದರಿಂದ ಅದು 'ಡಬಲ್ ಪಾಯಿಂಟು'. ಬುಡದ ಮೇಲೆ 12 ವೋಲ್ಟು, 21/5 ವ್ಯಾಟು ಎಂದು ಅಚ್ಚಾಗಿರುತ್ತದೆ. ಅಂತಾರಾಷ್ಟ್ರೀಯ ಸಂಕೇತದಲ್ಲಿ ಪಿ21/5ಡಬ್ಲ್ಯು. ಅದರ ಬುಡದ ಎರಡು ಬದಿಯ ಮೊಳೆಗಳು ಒಂದೇ ಮಟ್ಟದಲ್ಲಿರುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ. ಇದು ತಯಾರಕರ ಅಜಾಗ್ರತೆಯಲ್ಲ, ಜಾಗ್ರತೆ. ಬಲ್ಬು ಹೋಲ್ಡರಿನಲ್ಲಿ ಒಂದೇ ರೀತಿಯಲ್ಲಿ ಕೂರಲಿ, ತಿರುವುಮುರುವಾಗದಿರಲಿ ಎಂದು.

ರಿವರ್ಸ್ ದೀಪದಲ್ಲಿ ಸಾಮಾನ್ಯವಾಗಿ ಇರುವುದು 'ಸಿಂಗಲ್ ಪಾಯಿಂಟು': 21 ವ್ಯಾಟಿನ ಒಂದೇ ತಂತಿ, ಒಂದೇ ಚುಕ್ಕೆ, ಸಮಮಟ್ಟದ ಮೊಳೆಗಳು. ಹಳದಿ ಬಣ್ಣದ ಇಂಡಿಕೇಟರ್ ಬಲ್ಬಿನ ಮೊಳೆಗಳು ಎದುರುಬದುರಾಗಿಲ್ಲದೆ ಓರೆಯಾಗಿರುತ್ತವೆ, ಬಿಳಿಯ ಬಲ್ಬು ಆ ಜಾಗವನ್ನು ಆಕ್ರಮಿಸದಿರಲೆಂದು. ನಂಬರ್ ಪ್ಲೇಟಿನ ಬಲ್ಬು ಹಲವು ಕಾರುಗಳಲ್ಲಿ ಲೋಹದ ಬುಡವೇ ಇಲ್ಲದ, ಬರಿಯ ಗಾಜಿನ 5 ವ್ಯಾಟಿನ ಚಿಕ್ಕದು. ಕೆಲವು ಕಾರುಗಳ ಹಿಂದೀಪದಲ್ಲಿಯೂ ಇಂಥ ಗಾಜಿನ ಬುಡದ 21/5 ವ್ಯಾಟಿನ ಬಲ್ಬೇ ಇರುತ್ತದೆ. ಆದ್ದರಿಂದ ನೆನಪನ್ನು ನಂಬದೆ ಕೆಟ್ಟ ಬಲ್ಬನ್ನೇ ಬಿಚ್ಚಿ ಅಂಗಡಿಗೆ ಒಯ್ಯುವುದು ಕ್ಷೇಮ. ಕಾರಿನ ಜೊತೆ ಬಂದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಅಜ್ಞಾತವಾಸ ಮಾಡುವ ಕೈಪಿಡಿಯ ಕೊನೆಯ ಪುಟಗಳಲ್ಲಿಯೂ ಬಲ್ಬುಗಳ ಪಟ್ಟಿ ಇರುವುದುಂಟು.

ವೋಲ್ಟಿನ ಕಡೆಗೂ ಕಣ್ಣಿರಬೇಕು. ಕಾರಿಗೆ 12, ದೊಡ್ಡ ಲಾರಿ ಬಸ್ಸುಗಳಿಗೆ 24, ಯೆಜ್ದಿ, ಬುಲೆಟ್ ಮುಂತಾದ ಹಳೆಯ ಮೋಟಾರು ಸೈಕಲುಗಳಿಗೆ 6 ಇದ್ದುದುಂಟು. ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಲಾರಿಯ ಗಿರಾಕಿಗಳೇ ಬಹಳ. ಲಾರಿಯ ಬಲ್ಬು ಆಕಾರದಲ್ಲಿ ಕಾರಿನದರ ಅವಳಿ. ಅದನ್ನು ಕಾರಿಗೆ ಹಾಕಿದರೆ ಕೂರುತ್ತದೆ, ಹತ್ತುತ್ತದೆ ಕೂಡ; ಆದರೆ ಕೆಂಡದಂತೆ ಮಂಕಾಗಿ. ಹತ್ತಿತೆಂಬ ಸಮಾಧಾನದಿಂದ ಯಜಮಾನ ಹೊರಟುಬಿಡುತ್ತಾನೆ. ಆ ಬೆಳಕು ಎಷ್ಟು ದೂರಕ್ಕೆ ಕಾಣುತ್ತದೆಂದು ಕೇಳುವವರಿಲ್ಲ.

ತಪ್ಪು ಬಲ್ಬಿನ ಚೇಷ್ಟೆಗಳಲ್ಲಿ ಅತ್ಯಂತ ವಿಚಿತ್ರವಾದುದು ಇನ್ನೊಂದು. ಡಬಲ್ ಪಾಯಿಂಟಿನ ಹೋಲ್ಡರಿನಲ್ಲಿ ಬಲವಂತದಿಂದ ಸಿಂಗಲ್ ಪಾಯಿಂಟಿನ ಬಲ್ಬನ್ನು ಕೂರಿಸಿದರೆ ಅದರ ಒಂಟಿ ಚುಕ್ಕೆ ಹೋಲ್ಡರಿನ ಎರಡು ತುದಿಗಳಿಗೂ ತಾಗಿ ಸೇತುವೆಯಾಗುತ್ತದೆ. ಆಗ ಹಗಲು ಹೊತ್ತಿನಲ್ಲಿ ಬ್ರೇಕು ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಿನುಗುತ್ತವೆ, ಮುಂದಿನ ಪಾರ್ಕಿಂಗ್ ದೀಪಗಳೂ ಹತ್ತುತ್ತವೆ! ದೆವ್ವ ಹೊಕ್ಕಿತೆಂದು ಹೆದರುವ ಕಾರಣವಿಲ್ಲ. ಬ್ರೇಕಿನ ವಿದ್ಯುತ್ತು ಹಿಂದೀಪದ ದಾರಿಗೆ ಹರಿದಿದೆ, ಅಷ್ಟೆ. ಹಾಗೆಯೇ ಡಬಲ್ ಪಾಯಿಂಟಿನ ಬಲ್ಬನ್ನು ಮೊಳೆ ಸವೆಯುವಂತೆ ತಿರುವುಮುರುವಾಗಿ ತುರುಕಿದರೆ ರಾತ್ರಿಯಿಡೀ 21 ವ್ಯಾಟು ಉರಿದು, ಬ್ರೇಕಿಗೆ 5 ವ್ಯಾಟು ಉಳಿಯುತ್ತದೆ. ಹಿಂದಿನವನಿಗೆ ಬ್ರೇಕು ಹಾಕಿದ್ದೇ ಗೊತ್ತಾಗದು. ಜೊತೆಗೆ, ಸದಾ ಉರಿಯುವ ಆ ಕಾವಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಮೆತ್ತಗಾಗಿ ವಕ್ರವಾಗಬಹುದು.

ಸರಿಯಾದ ಬಲ್ಬು ಕೈಸೇರಿದ ಮೇಲೆ ಉಳಿದದ್ದು ಹತ್ತು ನಿಮಿಷದ ಕೆಲಸ. ಹಳೆಯ ಕಾರುಗಳಲ್ಲಿ ಕೆಂಪು ಮುಚ್ಚಳದ ಸ್ಕ್ರೂಗಳು ಹೊರಗೇ ಕಾಣುತ್ತಿದ್ದವು. ಈಚಿನ ಕೆಲವು ಕಾರುಗಳಲ್ಲಿ ಡಿಕ್ಕಿಯ ಒಳಗಿನಿಂದ ಕೈ ಹಾಕಬೇಕು. ಮತ್ತೆ ಕೆಲವುಗಳಲ್ಲಿ ಡಿಕ್ಕಿಯ ಬಾಗಿಲು ತೆರೆದಾಗ ಕಾಣುವ ಸ್ಕ್ರೂಗಳನ್ನು ಬಿಚ್ಚಿ ದೀಪದ ಗೂಡನ್ನೇ ನೇರವಾಗಿ ಹಿಂದಕ್ಕೆ ಎಳೆಯಬೇಕು. ದೀಪವನ್ನು ಆರಿಸಿ, ಬಲ್ಬಿನ ಬಿಸಿ ಇಳಿಯುವವರೆಗೆ ತಾಳಿ, ಹೋಲ್ಡರನ್ನು ತಿರುಗಿಸಿ ಹೊರಗೆ ತೆಗೆದು, ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಅದು ಕೈಗೆ ಬರುತ್ತದೆ. ಗಾಜಿನ ಬುಡದ್ದಾದರೆ ನೇರ ಎಳೆದರೆ ಸಾಕು. ಹೊಸದನ್ನು ಬಟ್ಟೆಯಲ್ಲಿ ಹಿಡಿದು ಕೂರಿಸುವುದು ಒಳ್ಳೆಯ ಅಭ್ಯಾಸ. ಒಂದು ಬದಿಯದು ಆಯುಸ್ಸು ಮುಗಿದು ಸತ್ತಿದ್ದರೆ ಅದೇ ವಯಸ್ಸಿನ ಜೊತೆಗಾರನೂ ಬಹಳ ದಿನ ಬಾಳಲಾರನೆಂದು ತಿಳಿದವರು ಎರಡನ್ನೂ ಒಟ್ಟಿಗೇ ಬದಲಾಯಿಸುತ್ತಾರೆ.

ಹೊಸ ಬಲ್ಬೂ ಮಂಕಾದರೆ? ಅಪರಾಧಿ ಬಹುಮಟ್ಟಿಗೆ ಅರ್ಥಿಂಗ್. ಬಲ್ಬಿಗೆ ಬಂದ ವಿದ್ಯುತ್ತು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಹಿಂತಿರುಗಬೇಕು. ಆ ಸಂಧಿಯಲ್ಲಿ ತುಕ್ಕು ಹಿಡಿದರೆ ದಾರಿ ಇಕ್ಕಟ್ಟಾಗುತ್ತದೆ. ವೋಲ್ಟು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲಿನಷ್ಟು ಇಳಿದುಹೋಗುತ್ತದೆ. ಬ್ರೇಕು ಒತ್ತಿದಾಗ ಹಿಂದೀಪ ಮಂಕಾಗುವುದು, ಇಂಡಿಕೇಟರಿನೊಡನೆ ಅದೂ ತಾಳ ಹಾಕುವುದು, ಎಲ್ಲ ಇದರ ಲಕ್ಷಣಗಳೇ. ಸಂಧಿಯನ್ನೂ ಹೋಲ್ಡರನ್ನೂ ನಯವಾದ ಉಪ್ಪುಕಾಗದದಿಂದ ಉಜ್ಜಿ, ತುಸು ವ್ಯಾಸಲೀನು ಸವರಿದರೆ ರೋಗ ವಾಸಿ. ಮುಚ್ಚಳದ ಮೇಲೆ ಕುಳಿತ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದನ್ನೂ ಚಿಕಿತ್ಸೆಯಲ್ಲಿ ಸೇರಿಸಬಹುದು. ಕೆಂಪು ಮಣ್ಣಿನ ಸೀಮೆಯಲ್ಲಿ ಹಗಲೆಲ್ಲ ಓಡಿದ ಕಾರಿನ ಹಿಂಭಾಗವನ್ನು ನೋಡಿದವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ಈಚೆಗೆ ಬರುವ ಹಲವು ಕಾರುಗಳಲ್ಲಿ ಬಲ್ಬೇ ಇಲ್ಲ. ಎಲ್‌ಇಡಿ ದೀಪಗಳು ಬಂದಿವೆ. ತಂತಿ ಕಾದು ಬೆಳಗಬೇಕಾದ ಬಲ್ಬಿಗಿಂತ ಇವು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮೊದಲೇ ಹತ್ತುತ್ತವೆ. 80ರ ವೇಗದಲ್ಲಿ ಹಿಂದಿನವನಿಗೆ ಅದು ನಾಲ್ಕು ಮೀಟರಿಗೂ ಮಿಕ್ಕ ಲಾಭ. ಆದರೆ ಕೆಟ್ಟರೆ ಹಲವೆಡೆ ಇಡೀ ಗೂಡನ್ನೇ ಕೊಳ್ಳಬೇಕು. ಹಳೆಯ ಗೂಡಿನಲ್ಲಿ ಬಲ್ಬನ್ನು ತೆಗೆದು ಎಲ್‌ಇಡಿಯನ್ನು ತೂರಿಸುವ ಹವ್ಯಾಸ ಮೆಚ್ಚತಕ್ಕದ್ದಲ್ಲ. ಆ ಗೂಡಿನ ಕನ್ನಡಿ ಗಾಜುಗಳೆಲ್ಲ ತಂತಿಯ ಜಾಗವನ್ನು ಅಳೆದು ಮಾಡಿದವು. ಬೆಳಕು ಹುಟ್ಟುವ ಸ್ಥಾನ ಬದಲಾದರೆ ಅದು ಹೋಗಬೇಕಾದ ಕಡೆಗೆ ಹೋಗುವುದಿಲ್ಲ.

ಹಿಂಬದಿಯ ಗಾಜಿನ ಮಟ್ಟದಲ್ಲಿ ಕಾಣುವ ಮೂರನೆಯ ಬ್ರೇಕ್ ದೀಪಕ್ಕೂ ಒಂದು ಕಥೆಯಿದೆ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೊಯೆವೊಡ್‌ಸ್ಕಿ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಇಂಥ ದೀಪವನ್ನು ಕಟ್ಟಿಸಿ ನೋಡಿದನು. ಹಿಂದಿನಿಂದ ಗುದ್ದಿಸಿಕೊಳ್ಳುವ ಪ್ರಸಂಗಗಳು ಶೇಕಡಾ 60ರಷ್ಟು ಇಳಿದವು. 1986ರ ಮಾದರಿಯಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಯಿತು. ಎಲ್ಲ ಕಾರುಗಳಿಗೂ ಬಂದ ಮೇಲೆ ನವೀನತೆ ಮಾಸಿ, ಲಾಭ ಶೇಕಡಾ 4ರ ಸುಮಾರಿಗೆ ನಿಂತಿತೆಂದು ಅಲ್ಲಿನ ಸರ್ಕಾರದ ವರದಿ ಹೇಳುತ್ತದೆ. ಅಷ್ಟಾದರೂ ಅಲ್ಲಿನ ವಾಹನಸಂಖ್ಯೆಗೆ ಅದು ಸಣ್ಣ ಲಾಭವಲ್ಲ.

ಹೊಸಹಳ್ಳಿಯ ಹಾದಿಯಲ್ಲಿ, ರಾತ್ರಿ ಒಂಬತ್ತಕ್ಕೆ, ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ ಬಲಗಡೆಯ ಹಿಂದೀಪ ಆರಿರುವುದು ಕಂಡುಬಂದರೆ ಏನು ಮಾಡಬೇಕು? ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಮಕ್ಕಳನ್ನು ಎಡಬದಿಯಿಂದ ಇಳಿಸಿ ದೂರ ನಿಲ್ಲಿಸಬೇಕು. ಎಡಬಲದ ಬಲ್ಬುಗಳು ಒಂದೇ ಜಾತಿಯವಾದುದರಿಂದ ಅವನ್ನು ಅದಲುಬದಲು ಮಾಡಬಹುದು. ಎಡಗಡೆಯ ಒಳ್ಳೆಯ ಬಲ್ಬು ಬಲಗಡೆ ಹತ್ತದಿದ್ದರೆ ದೋಷ ಹೋಲ್ಡರಿನದೆಂದು ತಿಳಿಯಿತು. ಅದನ್ನು ಉಜ್ಜಿ ನೋಡಬೇಕು. ಹತ್ತಿದರೆ, ಹಿಂದಿನಿಂದ ಹಾಯುವವರ ಬದಿಗೆ ದೀಪ ಬಂದಂತಾಯಿತು. ಕೆಟ್ಟ ಬಲ್ಬಿನಲ್ಲಿ 5 ವ್ಯಾಟಿನ ತಂತಿ ಮಾತ್ರ ತುಂಡಾಗಿದ್ದರೆ, ಎಡಗಡೆಯಲ್ಲಿ ಅದರ ಬ್ರೇಕಿನ ತಂತಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ಇಷ್ಟನ್ನು ಮಾಡಿಕೊಂಡು ಎಡಬದಿಯಲ್ಲಿ ನಿಧಾನವಾಗಿ ಕೂಡ್ಲಿಗಿಯನ್ನು ಸೇರಿ, ಅಲ್ಲಿಯೇ ರಾತ್ರಿ ಕಳೆದು, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಎರಡು ಬಲ್ಬುಗಳನ್ನು ಕೊಳ್ಳಬಹುದು: 12 ವೋಲ್ಟಿನದು, 21/5ರದು, ಡಬಲ್ ಪಾಯಿಂಟು.