ತಾತನ ರಿವಾಲ್ವರು



ಆಯುಧಪೂಜೆಯ ದಿನ ಒಂದೊಂದು ಮನೆಯಲ್ಲಿ ಒಂದೊಂದು ವಸ್ತು ಮಣೆಯೇರುವುದು: ಒಬ್ಬರಲ್ಲಿ ತಕ್ಕಡಿ, ಒಬ್ಬರಲ್ಲಿ ಹೊಲಿಗೆಯ ಯಂತ್ರ, ಹಲವರಲ್ಲಿ ಮೋಟಾರುಗಾಡಿ. ನಮ್ಮ ಮನೆಯಲ್ಲಿ ಮಣೆಯೇರುವುದು ಒಂದು ರಿವಾಲ್ವರು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪೆನಿಯವರು ತಯಾರಿಸಿದ,.32 ಅಳತೆಯ, ಆರು ಗುಂಡಿನ ಆಯುಧ. ನಮ್ಮ ತಾತನವರು ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದಾಗ, ಆಳುಗಳ ಬಟವಾಡೆಯ ಹಣವನ್ನು ಪಟ್ಟಣದಿಂದ ತರುವ ಹೊಣೆ ಅವರದಾಗಿತ್ತು. ಅದಕ್ಕೆಂದು ಕೊಂಡದ್ದು ಇದು. ದಾರಿಯಲ್ಲಿ ಒಂದು ಸಲವೂ ಇದನ್ನು ಹಾರಿಸಬೇಕಾಗಿ ಬರಲಿಲ್ಲವೆಂಬುದೇ ಅವರ ಹೆಮ್ಮೆ. ಆದರೂ ವರುಷಕ್ಕೊಮ್ಮೆ, ಪೂಜೆಯಾದ ಬಳಿಕ, ಅವರು ಅದನ್ನು ಹಾರಿಸುತ್ತಿದ್ದರೆಂಬ ಮಾತು ಮನೆಯಲ್ಲಿ ಉಳಿದಿದೆ.

ನಮ್ಮ ತಂದೆಯವರು ತೀರಿಕೊಂಡ ಮೇಲೆ ರಿವಾಲ್ವರಿನ ಲೈಸೆನ್ಸು ನಮ್ಮ ಹೆಸರಿಗೆ ಬಂತು. ಆ ವರುಷದ ನವರಾತ್ರಿಯಲ್ಲಿ ಅಣ್ಣನ ಮಗನು, “ಚಿಕ್ಕಪ್ಪ, ಮುತ್ತಾತ ಮಾಡುತ್ತಿದ್ದ ಹಾಗೆ ಪೂಜೆಯಾದ ಮೇಲೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸಿಬಿಡಿ” ಎಂದು ಹಟಹಿಡಿದನು. ಹಾರಿಸಬಹುದೆ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಆಯುಧದ ರಚನೆಯನ್ನು ತುಸು ತಿಳಿಯಬೇಕು.

ರಿವಾಲ್ವರಿನಲ್ಲಿ ತೋಟಾಗಳಿರುವುದು ನಳಿಗೆಯಲ್ಲಲ್ಲ. ಅದರ ಹಿಂದೆ ತಿರುಗುವ ಉರುಳೆಯಲ್ಲಿ. ಉರುಳೆಯಲ್ಲಿ ಆರು ಮನೆಗಳಿವೆ. ಕುದುರೆಯನ್ನು ಎಳೆದಾಗ ಉರುಳೆ ಒಂದು ಮನೆಯಷ್ಟು ತಿರುಗಿ, ಒಂದು ಸಣ್ಣ ಅಗುಳಿ ಅದನ್ನು ತಡೆದು ನಿಲ್ಲಿಸುವುದು. ಆಗ ಮನೆಯೂ ನಳಿಗೆಯೂ ಒಂದೇ ನೇರದಲ್ಲಿರಬೇಕು. ಅಗುಳಿ ಸವೆದಿದ್ದರೆ ಉರುಳೆ ಕೂದಲೆಳೆಯಷ್ಟು ಓರೆಯಾಗಿ ನಿಲ್ಲುವುದು. ಗುಂಡು ನಳಿಗೆಯ ಬಾಯಂಚಿಗೆ ತಾಗಿ, ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುವುವು. ಹೊರಗೆ ಫಳಫಳಿಸುವ ಆಯುಧದಲ್ಲಿಯೂ ಈ ದೋಷವಿರಬಹುದು.

ಇನ್ನು ತೋಟಾದ ವಿಷಯ. ತಂದೆಯವರು ತೀರಿಕೊಂಡೊಡನೆ, 1959ರ ಶಸ್ತ್ರಾಸ್ತ್ರ ಕಾಯಿದೆಯ 21ನೆಯ ಕಲಮಿನ ಮೇರೆಗೆ, ರಿವಾಲ್ವರನ್ನೂ ತೋಟಾದ ಡಬ್ಬಿಯನ್ನೂ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿ ಒಪ್ಪಿಸಿದ್ದೆವು. ವಾರಸುದಾರನೆಂಬ ಮಾತ್ರಕ್ಕೆ ಆಯುಧವನ್ನು ಮನೆಯಲ್ಲಿಟ್ಟುಕೊಳ್ಳಲಾಗದು. ಲೈಸೆನ್ಸು ಬರುವವರೆಗೆ ಪೋಲೀಸು ಠಾಣೆಯಲ್ಲಾಗಲಿ ವ್ಯಾಪಾರಿಯಲ್ಲಾಗಲಿ ಅದು ಠೇವಣಿಯಾಗಿರತಕ್ಕದ್ದು. ಅಂಗಡಿಯವರು ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ, ಅದರಲ್ಲಿ ಎರಡು ಜಾತಿಯ ತೋಟಾಗಳು ಕಲೆತಿದ್ದವು. ಎರಡರ ಮೇಲೂ .32 ಎಂದೇ ಇತ್ತು. ಒಂದು ನಮ್ಮ ರಿವಾಲ್ವರಿಗೆ ತಕ್ಕ ಸ್ಮಿತ್ ಅಂಡ್ ವೆಸ್ಸನ್ ಲಾಂಗ್. ಇನ್ನೊಂದು ಆಟೋಮ್ಯಾಟಿಕ್ ಪಿಸ್ತೂಲಿನದು. ಮೊದಲನೆಯದರ ಒತ್ತಡದ ಮಿತಿ ಚದರ ಅಂಗುಲಕ್ಕೆ 15,000 ಪೌಂಡು; ಎರಡನೆಯದರದು 20,500. ಕೇಡೆಂದರೆ, ಪಿಸ್ತೂಲಿನ ತೋಟಾ ಇಂಥ ರಿವಾಲ್ವರಿನ ಮನೆಯೊಳಗೆ ಅನೇಕ ವೇಳೆ ಸಲೀಸಾಗಿ ಹೊಕ್ಕುಬಿಡುವುದು. ಮೊದಲನೆಯ ಮಹಾಯುದ್ಧದ ಕಾಲದ .455 ವೆಬ್ಲಿಗಳನ್ನು ಅಮೆರಿಕದಲ್ಲಿ ಹಲವರು ಕೆತ್ತಿಸಿ, .45 ಆಟೋಮ್ಯಾಟಿಕ್ ತೋಟಾ ಹಿಡಿಯುವಂತೆ ಮಾಡಿಸಿದರು. ಆ ಒತ್ತಡವನ್ನು ತಾಳಲಾರದೆ ಒಡೆದ ಉರುಳೆಗಳುಂಟು. ತೋಟಾ ಹೊಕ್ಕಿತೆಂಬುದು ಒಂದು ಮಾತು, ಉಕ್ಕು ತಡೆಯುವುದೆಂಬುದು ಇನ್ನೊಂದು ಮಾತು.

ನವರಾತ್ರಿಯ ನಡುವೆ ಅದೇ ಅಂಗಡಿಯ ಮೇಸ್ತ್ರಿಯ ಬಳಿಗೆ ಆಯುಧವನ್ನು ಒಯ್ದೆವು. ಅಣ್ಣನ ಮಗನೂ ಬಂದನು. ಮೇಸ್ತ್ರಿಗಳು ಉರುಳೆ ಬರಿದಾಗಿರುವುದನ್ನು ನೋಡಿ, ಕುದುರೆಯನ್ನು ಮೆಲ್ಲಮೆಲ್ಲನೆ ಎಳೆಯುತ್ತ ಆರು ಮನೆಗಳನ್ನೂ ಪರೀಕ್ಷಿಸಿದರು. ಐದು ಸರಿಯಾಗಿದ್ದವು, ಒಂದು ಮಾತ್ರ ಗಟ್ಟಿಯಾಗಿ ನಿಲ್ಲಲಿಲ್ಲ. ಹಿಡಿಯ ಬಳಿ ಸಣ್ಣ ಸಣ್ಣ ತುಕ್ಕಿನ ಕುಳಿಗಳಿದ್ದವು. ಎಷ್ಟೋ ವರುಷ ಒದ್ದೆ ಹೂವನ್ನೂ ಕುಂಕುಮವನ್ನೂ ಉಕ್ಕಿನ ಮೇಲೆ ರಾತ್ರಿಯೆಲ್ಲ ಬಿಟ್ಟುದರ ಫಲವದು. ನಾವು ಭಕ್ತಿಯಿಂದಲೇ ಅದನ್ನು ಕೆಡಿಸುತ್ತಿದ್ದೆವು!

“ಈ ಒಂದು ಮನೆ ನಿಮ್ಮ ಪಾಲಿಗೆ ಬರುವುದೋ ಇಲ್ಲವೋ ಎಂದು ಜೂಜಾಡಬೇಡಿ” ಎಂದು ಹೇಳಿ ಮೇಸ್ತ್ರಿಗಳು ಅದನ್ನು ರಿಪೇರಿಗೆ ಇರಿಸಿಕೊಂಡರು. ಆ ವರುಷ ಮಣೆಯ ಮೇಲೆ ತಾತನವರ ಪಟವೊಂದೇ ಇತ್ತು.

ರಿಪೇರಿಯಾದ ಬಳಿಕ ಗುರಿ ಅಭ್ಯಾಸದ ರೇಂಜಿನಲ್ಲಿ, ಅಲ್ಲಿಯವರ ಅನುಮತಿ ಪಡೆದು, ಹೊಸ ತೋಟಾಗಳಿಂದ ಆರು ಸಲ ಹಾರಿಸಿದೆವು. ಲೈಸೆನ್ಸು ನಮ್ಮದಾದುದರಿಂದ ಹಾರಿಸಿದವರು ನಾವೊಬ್ಬರೆ. ಹುಡುಗನು ಕಿವಿ ಮುಚ್ಚಿಕೊಂಡು ಹಿಂದೆ ನಿಂತಿದ್ದನು. ನಾಲ್ಕು ಗುಂಡು ಕಾಗದಕ್ಕೆ ತಗುಲಿದುವು, ಎರಡು ಮಣ್ಣಿನ ದಿಬ್ಬ ಸೇರಿದುವು. ಅವನ ಮುಖದಲ್ಲಿ ನಿರಾಶೆ ಕಂಡಿತು. ಅಂಗಳದಲ್ಲಿ ಆಕಾಶಕ್ಕೆ ಹಾರಿಸಿದ ಗುಂಡು ಯಾರ ಮನೆಯ ಮೇಲೆ ಇಳಿಯುವುದೆಂದು ಹೇಳಬಲ್ಲವರಿಲ್ಲವೆಂದೂ, ಸಂಭ್ರಮಕ್ಕಾಗಿ ಹಾಗೆ ಹಾರಿಸಿ ಪ್ರಾಣಾಪಾಯ ಒಡ್ಡಿದವರಿಗೆ 2019ರ ತಿದ್ದುಪಡಿಯು ಎರಡು ವರುಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆಯೆಂದೂ ತಿಳಿಸಿದೆವು. ಆದರೂ ಅವನ ಮನಸ್ಸು ಒಪ್ಪಲಿಲ್ಲ, “ಮುತ್ತಾತ ಹಾರಿಸುತ್ತಿದ್ದರಲ್ಲ?” ಎಂದನು.

ಮನೆಗೆ ಬಂದು ನಮ್ಮ ಸೋದರತ್ತೆಯವರನ್ನು ಕೇಳಿದೆವು. ಅವರು ನಕ್ಕು, “ಆಕಾಶಕ್ಕೆಲ್ಲಿ ಹಾರಿಸಿದರು? ತೋಟದ ಅಂಚಿನ ಮಣ್ಣುದಿಬ್ಬಕ್ಕೆ. ಹಳೆಯ ತೋಟಾ ತೀರಿಸಿ ಹೊಸದು ತುಂಬುತ್ತಿದ್ದರು. ಆಮೇಲೆ ಸಂಜೆಯವರೆಗೆ ಚಾಪೆಯ ಮೇಲೆ ಕುಳಿತು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ” ಎಂದರು.

ತಾತನವರದು ಸಂಭ್ರಮವಾಗಿರಲಿಲ್ಲ, ಪರೀಕ್ಷೆಯಾಗಿತ್ತು. ಮುಂದಿನ ವರುಷದ ದಾರಿಗೆ ಆಯುಧ ನಂಬತಕ್ಕದ್ದೆ ಎಂದು ನೋಡಿಕೊಳ್ಳುವ ದಿನ ಅವರಿಗೆ ಆಯುಧಪೂಜೆ. ಸದ್ದು ನಮ್ಮ ನೆನಪಿನಲ್ಲಿ ಉಳಿಯಿತು, ಎಣ್ಣೆಬಟ್ಟೆ ಮರೆತುಹೋಯಿತು.

ಈಗ ನಮ್ಮ ಮನೆಯಲ್ಲಿ ರಿವಾಲ್ವರು ಬಾಯಿ ತೆರೆದು, ಬರಿದಾದ ಉರುಳೆಯೊಡನೆ, ಒಣಬಟ್ಟೆಯ ಮೇಲೆ ಪೂಜೆಗೆ ಕೂರುವುದು. ಕುಂಕುಮ ಮಣೆಗೆ, ಹೂವು ತಾತನ ಪಟಕ್ಕೆ. ಸಂಜೆ ನಾವು ಅದನ್ನು ಒರೆಸಿ ಬೀಗದಲ್ಲಿಡುವೆವು. ಎಣ್ಣೆಬಟ್ಟೆಯನ್ನು ಹದಮಾಡಿಕೊಡುವ ಕೆಲಸ ಅಣ್ಣನ ಮಗನದು. ತಮ್ಮ ಮನೆಗಳಲ್ಲಿಯೂ ಹಿರಿಯರ ಆಯುಧವಿದ್ದರೆ, ಹಾರಿಸುವ ಯೋಚನೆಗೆ ಮೊದಲು ಬಲ್ಲವರಿಗೆ ಒಮ್ಮೆ ತೋರಿಸಿರಿ.