ಸೈಲೆನ್ಸರಿನ ನಟ್ಟು ಬಿಗಿಯಾಗಿದೆಯೇ? ತೋಟದ ಬೈಕಿಗೆ ಹತ್ತು ನಿಮಿಷದ ತಪಾಸಣೆ



ರೋಗ, ಗೊಬ್ಬರ, ಧಾರಣೆಗಳ ವಿಚಾರವಾಗಿ ಈ ಪತ್ರಿಕೆಯಲ್ಲಿ ಅನೇಕ ಸಲ ಬರೆದಿದ್ದೇವೆ. ಈ ಬಾರಿ ನಮ್ಮೆಲ್ಲರ ಅಂಗಳದಲ್ಲಿ ನಿಂತಿರುವ ಮೋಟಾರ್ ಸೈಕಲ್ಲಿನ ಬಗ್ಗೆ ನಾಲ್ಕು ಮಾತು. ಉಬ್ರಾಣಿ ಹೋಬಳಿಯ ಬೆಳೆಗಾರನಿಗೆ ಬೈಕು ಶೋಕಿಯ ವಸ್ತುವಾಗಿ ಉಳಿದಿಲ್ಲ. ಗೊಬ್ಬರದ ಚೀಲ, ಹಾಲಿನ ಕ್ಯಾನು, ಕೆಟ್ಟ ಮೋಟಾರು, ಆಳುಗಳ ಬುತ್ತಿ, ಎಲ್ಲವೂ ಅದರ ಮೇಲೆಯೇ ಸಾಗಬೇಕು. ಟಾರು ರಸ್ತೆಗೆಂದು ಮಾಡಿದ ಗಾಡಿಯನ್ನು ನಾವು ಬಂಡಿಜಾಡಿನಲ್ಲಿ, ಕಲ್ಲುಹಾದಿಯಲ್ಲಿ, ಬಸಿಗಾಲುವೆಯ ದಂಡೆಯ ಮೇಲೆ ಓಡಿಸುತ್ತೇವೆ. ಈ ಕುಲುಕಾಟಕ್ಕೆ ಸಡಿಲಗೊಳ್ಳುವ ಭಾಗಗಳಲ್ಲಿ ಸೈಲೆನ್ಸರಿನ ನಟ್ಟು ಬೋಲ್ಟುಗಳು ಮುಖ್ಯವಾದವು.

ಕಳೆದ ಬೇಸಿಗೆಯಲ್ಲಿ ನಮಗೇ ಇದರ ಪಾಠವಾಯಿತು. ಎರಡು ವಾರಗಳಿಂದ ಗಾಡಿ 'ಚಟ್ ಚಟ್' ಎಂದು ಸದ್ದು ಮಾಡುತ್ತಿತ್ತು. ನೀರು ಹಾಯಿಸುವ ಗಡಿಬಿಡಿಯಲ್ಲಿ 'ನಾಳೆ ನೋಡೋಣ' ಎಂದು ತಳ್ಳುತ್ತ ಬಂದೆವು. ಒಂದು ಮಧ್ಯಾಹ್ನ ಇಂಜಿನ್ ಚಾಲೂ ಇಟ್ಟೇ ಗಾಡಿಯನ್ನು ತೋಟದ ಅಂಚಿನಲ್ಲಿ ನಿಲ್ಲಿಸಿ, ಗೇಟ್‌ವಾಲ್ವು ತಿರುಗಿಸಲು ಹೋದೆವು. ತಿರುಗಿ ಬರುವಷ್ಟರಲ್ಲಿ ಗಾಡಿಯ ಕೆಳಗಿನ ಒಣ ಸೋಗೆಗೆ ಬೆಂಕಿ ಹತ್ತಿತ್ತು. ಆಗ ತಾನೇ ನೀರು ಬಿಟ್ಟಿದ್ದರಿಂದ ಆರಿಸಲು ಸಾಧ್ಯವಾಯಿತು. ಎರಡು ಸಾಲು ಡ್ರಿಪ್ ಪೈಪು ಕರಗಿ, ಆರು ಎಳೆಯ ಸಸಿಗಳು ಸುಟ್ಟವು. ಆಮೇಲೆ ಬಗ್ಗಿ ನೋಡಿದರೆ ಇಂಜಿನ್ ಹೆಡ್ಡಿನ ಬಳಿಯ ಎರಡು ನಟ್ಟುಗಳಲ್ಲಿ ಒಂದು ಇರಲೇ ಇಲ್ಲ. ಕೆಲವೇ ರೂಪಾಯಿ ಬೆಲೆಯ ನಟ್ಟು! ಉಬ್ರಾಣಿಯ ಸುತ್ತಿನ ಕಾಡು ಎಲೆ ಉದುರಿಸುವ ಕಾಡು. ಅಂದು ಗಾಳಿ ಬೀಸಿದ್ದರೆ ನಷ್ಟ ನಮ್ಮೊಬ್ಬರ ತೋಟಕ್ಕೆ ನಿಲ್ಲುತ್ತಿರಲಿಲ್ಲ.

ಸಡಿಲವಾಗುವುದೇಕೆ?

ಇಂಜಿನ್ ಹೆಡ್ಡಿನಿಂದ ಹೊರಬೀಳುವ ಹೊಗೆ ನೂರಾರು ಡಿಗ್ರಿ ಶಾಖದ್ದು. ಹೆಡ್ಡು ಅಲ್ಯೂಮಿನಿಯಮ್ಮಿನದು, ಅದರಲ್ಲಿ ಕೂರಿಸಿದ ಸ್ಟಡ್ಡು ಉಕ್ಕಿನದು. ಕಾದಾಗ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ದಿನಕ್ಕೆ ಹತ್ತು ಸಲ ಕಾದು ತಣಿದರೆ ಹತ್ತು ಸಲ ಈ ಎಳೆದಾಟ ನಡೆಯುತ್ತದೆ. ನಡುವಿನ ಗ್ಯಾಸ್ಕೆಟ್ ದಿನ ಕಳೆದಂತೆ ಅಮುಕಿಕೊಂಡು ತೆಳುವಾಗುತ್ತದೆ. ಇದಕ್ಕೆ ಇಂಜಿನ್ನಿನ ನಡುಕವೂ ಹಾದಿಯ ಕುಲುಕಾಟವೂ ಸೇರಿ ನಟ್ಟಿನ ಹಿಡಿತ ತಪ್ಪುತ್ತದೆ.

ಇದು ಹೊಸ ಸಂಗತಿಯೇನಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ, ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಅವುಗಳ ಹೊಗೆಕೊಳವೆಯನ್ನು ಸಿಲಿಂಡರಿಗೆ ಹಿಡಿದಿಡುತ್ತಿದ್ದುದು ಒಂದು ದೊಡ್ಡ ಉಂಗುರದ ನಟ್ಟು. ಅದನ್ನು ಕೊಕ್ಕೆಪಾನದಿಂದ ಆಗಾಗ ಬಿಗಿ ಮಾಡುವುದು ಸವಾರರಿಗೆ ರೂಢಿಯಾಗಿತ್ತು. ಗಾಡಿ ಬದಲಾಯಿತು, ರೂಢಿ ಮರೆತುಹೋಯಿತು. ಕೆಲಸ ಮಾತ್ರ ಹಾಗೆಯೇ ಉಳಿದಿದೆ.

ನಮ್ಮ ಗಾಡಿಗಳಿಗೆ ಇನ್ನೊಂದು ಶತ್ರು ಮೈಲುತುತ್ತ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕಬ್ಬಿಣದ ಚೂರಿ ಅದ್ದಿ ನೋಡುತ್ತೇವಲ್ಲವೇ? ಚೂರಿ ಕೆಂಪಾದರೆ ತಾಮ್ರ ಕೂತಿತು, ಕಬ್ಬಿಣ ಅಷ್ಟು ಕರಗಿತು ಎಂದರ್ಥ. ಗಾಡಿಯ ಮೇಲೆ ಒಯ್ಯುವಾಗ ಚೆಲ್ಲಿದ ಮೈಲುತುತ್ತದ ನೀರು ಬೋಲ್ಟಿಗೂ ಇದನ್ನೇ ಮಾಡುತ್ತದೆ. ಸಿಂಪರಣೆಯ ದಿನ ಸಂಜೆ ಗಾಡಿ ತಣಿದ ನಂತರ ಒಳ್ಳೆಯ ನೀರಿನಿಂದ ತೊಳೆಯತಕ್ಕದ್ದು.

ತಪಾಸಣೆ ಹೇಗೆ?

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕುಳಿತು ಹೀಗೆ ನೋಡಿರಿ:

1. ಮೊದಲು ಎಣಿಸಿರಿ. ಹೆಡ್ಡಿನ ಬಳಿ ಸಾಮಾನ್ಯವಾಗಿ ಎರಡು ನಟ್ಟು, ಹಿಂಬದಿ ಸವಾರರ ಕಾಲುಮೆಟ್ಟಿನ ಹತ್ತಿರ ಒಂದು ಬೋಲ್ಟು, ಶಾಖ ತಡೆಯುವ ತಗಡಿಗೆ ಎರಡು ಮೂರು ಸ್ಕ್ರೂ. ಕೆಲವು ಗಾಡಿಗಳಲ್ಲಿ ನಡುವೆ ಕ್ಲಾಂಪೂ ಇರುತ್ತದೆ.

2. ಹೆಡ್ಡಿನ ಕೂಡುಜಾಗದ ಸುತ್ತ ಕಪ್ಪು ಮಸಿ ಇದ್ದರೆ ಅಲ್ಲಿ ಹೊಗೆ ಸೋರುತ್ತಿದೆ ಎಂದು ತಿಳಿಯಿರಿ.

3. ಸೈಲೆನ್ಸರಿನ ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿರಿ. ಕಟಕಟ ಎಂದರೆ ಎಲ್ಲೋ ಸಡಿಲವಿದೆ.

4. ಕೂಡುಜಾಗಕ್ಕೆ ಸೋಪಿನ ನೀರು ಹಚ್ಚಿ, ಗಾಡಿ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ನೋಡಿರಿ. ಗುಳ್ಳೆ ಎದ್ದರೆ ಸೋರಿಕೆ ಖಚಿತ. ಇದನ್ನು ಬಯಲಿನಲ್ಲಿಯೇ ಮಾಡಿರಿ. ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಅಡಿಕೆ ಗೋದಾಮಿನಲ್ಲಾಗಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಪ್ರಾಣಕ್ಕೆ ಅಪಾಯ.

ಬಿಗಿ ಮಾಡುವ ಕ್ರಮ

ಹಿಂದಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ, ಮೊದಲು ಹೆಡ್ಡಿನ ನಟ್ಟುಗಳನ್ನು ಬಿಗಿ ಮಾಡಿ, ಕೊನೆಗೆ ಹಿಂದಿನದನ್ನು ಬಿಗಿ ಮಾಡಬೇಕು. ಹಿಂದಿನದನ್ನು ಮೊದಲೇ ಬಿಗಿದರೆ ಕೊಳವೆ ಎಳೆತದಲ್ಲಿ ಕೂತು ಸ್ಟಡ್ಡು ತುಂಡಾಗಬಹುದು. ಹೆಡ್ಡಿನ ಎರಡು ನಟ್ಟುಗಳಿಗೆ ಒಂದರ ನಂತರ ಒಂದಕ್ಕೆ ಅರ್ಧರ್ಧ ಸುತ್ತು ಕೊಡುತ್ತ ಬರಬೇಕು. 6 ಮಿ.ಮೀ. ಸ್ಟಡ್ಡಿಗೆ ಸಾಮಾನ್ಯವಾಗಿ 10ರ ಪಾನ ಹಿಡಿಯುತ್ತದೆ; ಅದಕ್ಕೆ ಬೇಕಾದ ಬಿಗಿ ಸುಮಾರು 1 ಕಿಲೋಗ್ರಾಂ-ಮೀಟರ್. ಅಂದರೆ ನಟ್ಟಿನಿಂದ 10 ಸೆಂ.ಮೀ. ದೂರದಲ್ಲಿ ಪಾನ ಹಿಡಿದು 10 ಕಿಲೋ ತೂಕದಷ್ಟು ಒತ್ತಿದರೆ ಸಾಕು. ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿರಿ. ಪಾನಕ್ಕೆ ಪೈಪು ಸೇರಿಸಿ ತಿರುಗಿಸುವುದು ಬೇಡ. ಒಳಗಿನ ಅಲ್ಯೂಮಿನಿಯಮ್ಮಿನ ಮರೆ ಕಿತ್ತುಬಂದರೆ ಹೆಡ್ಡನ್ನೇ ಬಿಚ್ಚಿಸಬೇಕಾದೀತು.

ಬಿಚ್ಚಿದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಿರಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿರಿ. ಆಗಲೂ ಬಾರದಿದ್ದರೆ ಹಟ ಮಾಡದೆ ಮೆಕ್ಯಾನಿಕ್ಕಿಗೆ ತೋರಿಸಿರಿ. ಬೈಂಡಿಂಗ್ ವೈರು ಸುತ್ತುವುದು ಮನೆ ಮುಟ್ಟುವವರೆಗಿನ ಉಪಾಯವೇ ಹೊರತು ದುರಸ್ತಿಯಲ್ಲ. ಬಿಗಿ ಮಾಡಿದ ಮೇಲೆ ಹಿಂದಿನ ಬೋಲ್ಟಿಗೂ ಅದರ ಪಟ್ಟಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಂತೆ ಕಂಡರೆ ಬೋಲ್ಟು ತಿರುಗಿದೆ ಎಂದು ದೂರದಿಂದಲೇ ತಿಳಿಯುತ್ತದೆ.

ಹೊಸ ಗಾಡಿಯವರಿಗೆ

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳಲ್ಲಿ ಹೊಗೆಯ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಇರುತ್ತದೆ. ಅದರ ಹಿಂದಿನ ಕೂಡುಜಾಗ ಸಡಿಲವಾದರೆ ಹೊರಗಿನ ಗಾಳಿ ನುಗ್ಗಿ ಸೆನ್ಸರ್ ಮೋಸಹೋಗುತ್ತದೆ. ಇಂಜಿನ್ ಬೇಡದಷ್ಟು ಪೆಟ್ರೋಲ್ ಕುಡಿಯುತ್ತದೆ. ಮೈಲೇಜು ಬಿತ್ತೆಂದು ಪೆಟ್ರೋಲ್ ಬಂಕನ್ನು ದೂರುವ ಮೊದಲು ನಟ್ಟು ನೋಡಿರಿ. ಈ ಗಾಡಿಗಳ ಸೈಲೆನ್ಸರಿನೊಳಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದು ಅದು ಬಹಳ ಕಾಯುತ್ತದೆ. ಆದ್ದರಿಂದ ನಟ್ಟು ಬಿಗಿಯಿದ್ದರೂ ಒಣ ಸೋಗೆ, ಹಾಳೆ, ತರಗಿನ ಮೇಲೆ ಗಾಡಿ ನಿಲ್ಲಿಸಬಾರದು.

ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಈ ತಪಾಸಣೆ ಮಾಡಿದರೆ ಸಾಕು. ಗಾಡಿಯ ಪೆಟ್ಟಿಗೆಯಲ್ಲಿ ಒಂದು ಪಾನ, ಎರಡು ನಟ್ಟು, ಒಂದು ಗ್ಯಾಸ್ಕೆಟ್ ಇರಲಿ. ಶಾಲೆಗೆ ಹೋಗುವ ಮಕ್ಕಳು ಹಿಂದೆ ಕುಳಿತಾಗ ಅವರ ಕಾಲು ಇರುವುದು ಸೈಲೆನ್ಸರಿನ ಪಕ್ಕದಲ್ಲಿಯೇ. ಶಾಖ ತಡೆಯುವ ತಗಡಿನ ಸ್ಕ್ರೂ ಬಿದ್ದಿದ್ದರೆ ನಾಳೆಗೆ ಬಿಡದೆ ಇಂದೇ ಹಾಕಿಸಿರಿ ಎಂದು ವಿನಂತಿಸುತ್ತೇವೆ.

— ಕಾರ್ಯದರ್ಶಿ