ಮಗ್ಗದಿಂದ ಇಳಿದು ಬಂದ ಗಾಡಿ

ಮರೋಳ, ಹುನಗುಂದ, ಇಳಕಲ್ಲ ಕಡೆ ಬಾಡಿಗೆ ಗಾಡಿ ಕೇಳುವುದಕ್ಕೆ ಒಂದು ಲೆಕ್ಕವಿದೆ. ಪಕ್ಕದೂರಿನ ಸಂತೆಗಾದರೆ ಟಂಟಂ. ಹತ್ತು ಹನ್ನೆರಡು ಮಂದಿ ಒತ್ತಿ ಕೂತು ಬನಶಂಕರಿ ಜಾತ್ರೆಗೆ ಹೊರಟರೆ ಕ್ರೂಸರ್. ಬೀಗರ ಮನೆಯ ಮುಂದೆ ಇಳಿಯಬೇಕು, ಇಲ್ಲವೇ ಮುಪ್ಪಾದ ತಾಯಿಯನ್ನು ತಿರುಪತಿಗೆ ಕರೆದೊಯ್ಯಬೇಕು ಅಂದಾಗ ಮಾತ್ರ ಫೋನಿನಲ್ಲಿ ಗಾಡಿಯ ಹೆಸರು ಬರುತ್ತದೆ.

“ಇನ್ನೋವಾ ಹೊರಗ ಹೋಗೇತ್ರೀ ಕಾಕಾ. ಬ್ಯಾರೆ ಗಾಡಿ ಐತಿ, ಹೊಸಾದೈತಿ, ಕಳಸ್ಲೇನು?”

“ಹೊಸಾದು ಬ್ಯಾಡಪಾ. ಹಳೇದಾದ್ರೂ ನಡೀತೈತಿ, ಇನ್ನೋವಾನ ಇರ್ಲಿ.”

ಕಿಲೋಮೀಟರಿಗೆ ಎರಡು ಕಾಸು ಹೆಚ್ಚು ಕೊಟ್ಟು ಹಳೆಯ ಗಾಡಿಯನ್ನೇ ಬೇಡುವ ಗಿರಾಕಿ ಬೇರೆ ಯಾವ ವ್ಯಾಪಾರದಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಇನ್ನೋವಾ ಮಾಡುವ ಟೊಯೊಟಾದ ಮೇಲಿನ ಈ ನಂಬಿಕೆ ಹುಟ್ಟಿದ್ದು ಎಲ್ಲಿ ಎಂದು ಹುಡುಕುತ್ತಾ ಹೋದರೆ ಮೊದಲು ಸಿಗುವುದು ಮೋಟಾರು ಕಾರ್ಖಾನೆಯಲ್ಲ, ಮಗ್ಗ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ.

ಇಳಕಲ್ಲಿನ ಕುಣಿಮಗ್ಗದ ಮುಂದೆ ಅರ್ಧ ಗಳಿಗೆ ಕೂತು ನೋಡಿ. ಕಾಲು ಕುಣಿಯೊಳಗೆ, ಕೈಯಲ್ಲಿ ಲಾಳಿಯ ಓಟ. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಹರಿದರೆ ನೇಕಾರನ ಕಾಲು ತಾನಾಗಿ ನಿಲ್ಲುತ್ತದೆ. ಬಾಗಿ, ಹಣಿಗೆಯ ಸಂದಿಯಲ್ಲಿ ತುದಿ ಹುಡುಕಿ, ಬೆರಳು ಒದ್ದೆ ಮಾಡಿಕೊಂಡು, ಹೊಸೆದು ಗಂಟು ಹಾಕಿ, ಮತ್ತೆ ಹಣಿಗೆಯೊಳಗಿಂದ ಎಳೆದುಕೊಂಡ ಮೇಲೆಯೇ ಮುಂದಿನ ಲಾಳಿ. ಹಾಗೇ ನೇಯುತ್ತಾ ಹೋದರೆ ಒಡಲಿನ ಉದ್ದಕ್ಕೂ ಒಂದು ಸಣ್ಣ ಗೆರೆ ಬಿದ್ದುಬಿಡುತ್ತದೆ. ಸಾಹುಕಾರ ಸೀರೆಯನ್ನು ಬೆಳಕಿಗೆ ಹಿಡಿದಾಗ ಆ ಗೆರೆ ಕೂಲಿ ಮುರಿಯುತ್ತದೆ.

ಕೈಮಗ್ಗದಲ್ಲಿ ನಿಲ್ಲಿಸುವುದಕ್ಕೆ ಮನುಷ್ಯನ ಕಣ್ಣಿದೆ. ವಿದ್ಯುತ್ ಮಗ್ಗಕ್ಕೆ ಕಣ್ಣಿಲ್ಲ. ಎಳೆ ಹರಿದರೂ ಅದು ಗಡಗಡ ನೇಯುತ್ತಲೇ ಇರುತ್ತದೆ, ಕೆಟ್ಟ ಬಟ್ಟೆ ಗಜಗಟ್ಟಲೆ ಬರುತ್ತದೆ. ಹೀಗಾಗಿ ಪ್ರತಿ ಮಗ್ಗದ ಬಳಿಯೂ ಕಾಯುವುದಕ್ಕೆ ಒಬ್ಬರು ಬೇಕು. ಜಪಾನಿನ ಸಾಕಿಚಿ ಟೊಯೊಡಾ ತಲೆ ಕೆಡಿಸಿಕೊಂಡದ್ದು ಈ ತೊಂದರೆಗೆ.

ಸಾಕಿಚಿ 1867ರಲ್ಲಿ ಶಿಜುವೋಕಾ ಪ್ರಾಂತದ ಕೊಸಾಯಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ, ಬಡಿಗನ ಮಗ. ಮನೆಯ ಹೆಂಗಸರು, ಊರಿನ ಹೆಂಗಸರು ಮಗ್ಗದ ಮೇಲೆ ಮೈ ಮುರಿಯುವುದನ್ನು ನೋಡುತ್ತಾ ಬೆಳೆದ. 1885ರಲ್ಲಿ ಜಪಾನ್ ಸರ್ಕಾರ ಪೇಟೆಂಟ್ ಕಾನೂನು ತಂದಾಗ ಅವನಿಗೆ ಹದಿನೆಂಟು. ಹೊಸದೊಂದು ಕಂಡುಹಿಡಿದರೆ ಅದು ನಿನ್ನದು ಎಂದು ಸರ್ಕಾರವೇ ಬರೆದುಕೊಡುತ್ತದೆ ಎಂಬುದು ಬಡಿಗನ ಮಗನ ತಲೆಯಲ್ಲಿ ಕೂತುಬಿಟ್ಟಿತು. 1891ರಲ್ಲಿ ಒಂದೇ ಕೈಯಲ್ಲಿ ನಡೆಸಬಹುದಾದ ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದ. ಮುಂದೆ ಉಗಿಯಿಂದ ನಡೆಯುವ ಮಗ್ಗ. ಅಲ್ಲಿಂದ ಮೂವತ್ತು ವರ್ಷದ ತಿದ್ದಾಟದ ನಂತರ 1924ರಲ್ಲಿ ಬಂದದ್ದು ‘ಜಿ ಮಾದರಿ’ ಸ್ವಯಂಚಾಲಿತ ಮಗ್ಗ. ಅದರಲ್ಲಿ ಲಾಳಿಯ ನೂಲು ಮುಗಿಯುವ ಹೊತ್ತಿಗೆ, ಓಟ ನಿಲ್ಲದಂತೆ, ತುಂಬಿದ ಲಾಳಿ ತಾನೇ ಬಂದು ಕೂರುತ್ತಿತ್ತು. ಹಾಸಿನ ಎಳೆಗಳಿಗೆ ತೆಳು ಲೋಹದ ಪಟ್ಟಿಗಳು ತೂಗುಬಿದ್ದಿರುತ್ತಿದ್ದವು. ಎಳೆ ಹರಿದರೆ ಅದರ ಪಟ್ಟಿ ಕೆಳಗೆ ಬೀಳುತ್ತದೆ, ಬಿದ್ದ ಪಟ್ಟಿ ಯಂತ್ರವನ್ನು ನಿಲ್ಲಿಸುತ್ತದೆ. ಒಬ್ಬ ಕೆಲಸಗಾರ್ತಿ ಮೂವತ್ತು ಮಗ್ಗ ನೋಡಿಕೊಳ್ಳುವುದು ಸಾಧ್ಯವಾಯಿತು.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿತು. ಭಾರತದ ಗಿರಣಿಗಳಿಗೆ ಯಂತ್ರ ಮಾರಿ ಬೆಳೆದಿದ್ದ ಕಂಪನಿ ಅದು. ಈಗ ಏಷ್ಯಾದ ಬಡಿಗನ ಮಗನಿಗೆ ದುಡ್ಡು ಕಟ್ಟುವ ಸರದಿ ಅದಕ್ಕೆ ಬಂದಿತ್ತು. (ಆಮೇಲೆ ಚೌಕಾಸಿ ಮಾಡಿ ಮೊತ್ತ ಇಳಿಸಿಕೊಂಡರು ಎನ್ನುವುದು ಬೇರೆ ಮಾತು.) ಆ ದುಡ್ಡಿನಲ್ಲೇ ಟೊಯೊಟಾ ಕಾರು ಹುಟ್ಟಿತು ಎಂದು ಕಥೆ ಹೇಳುತ್ತಾರೆ. ಅಷ್ಟು ನೇರ ಗಂಟು ಹಾಕುವುದು ಬೇಡ. 1930ರಲ್ಲಿ ಸಾಕಿಚಿ ತೀರಿಕೊಂಡ ಮೇಲೆ ಮಗ ಕಿಚಿರೊ ಮಗ್ಗದ ಕಂಪನಿಯೊಳಗೇ 1933ರಲ್ಲಿ ಮೋಟಾರು ವಿಭಾಗ ತೆರೆದ ಎಂಬುದು ಮಾತ್ರ ಖಚಿತ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಕೊಸಾಯಿಯ ನೆರೆಯ ಊರು ಹಮಾಮಾತ್ಸು. ಅಲ್ಲಿ ಮಿಚಿಯೊ ಸುಜುಕಿ ಎಂಬಾತ 1909ರಲ್ಲಿ ಮಗ್ಗದ ಕಾರ್ಖಾನೆ ಹಾಕಿದ. 1983ರಲ್ಲಿ ಮಾರುತಿ 800 ಆಗಿ ನಮ್ಮ ರಸ್ತೆಗಿಳಿದ ಸುಜುಕಿಯ ಮೂಲ ಅದೇ. ಹೀಗೆ ಭಾರತದಲ್ಲಿ ಹೆಸರು ಮಾಡಿದ ಎರಡು ಜಪಾನಿ ಕಂಪನಿಗಳು ಒಂದೇ ನೇಕಾರಿಕೆ ಸೀಮೆಯ ಮಕ್ಕಳು. ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಇರುವ ದೂರವೂ ಅವುಗಳ ನಡುವೆ ಇಲ್ಲ. ನಮ್ಮ ಸೀಮೆಯಲ್ಲಿ ಕೌಶಲಕ್ಕೇನು ಬರಗಾಲವಿತ್ತೇ? ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ಬುದ್ಧಿ ಸಣ್ಣದಲ್ಲ. ಆದರೆ ಇಳಕಲ್ಲ ಸೀರೆಗೆ ಭೌಗೋಳಿಕ ಸೂಚ್ಯಂಕದ ಕಾಗದ ಸಿಕ್ಕದ್ದು ಈ ಶತಮಾನದಲ್ಲಿ. ಸಾಕಿಚಿಗೆ ಇಪ್ಪತ್ತನಾಲ್ಕನೆಯ ವಯಸ್ಸಿಗೇ ಕಾಗದ ಸಿಕ್ಕಿತ್ತು, ಬಂಡವಾಳಕ್ಕೆ ಮಿತ್ಸುಯಿಯಂಥ ದೊಡ್ಡ ಸಾಹುಕಾರರು ಬೆನ್ನಿಗೆ ಬಂದಿದ್ದರು. ನಮ್ಮ ನೇಕಾರನ ಬೆನ್ನಿಗೆ ಇದ್ದದ್ದು ಮುಂಗಡದ ಸಾಲ.

ಹಾಗೆಂದು ಟೊಯೊಟಾ ಹುಟ್ಟುತ್ತಲೇ ಗಟ್ಟಿ ಗಾಡಿ ಮಾಡಲಿಲ್ಲ. 1935ರ ಜಿ1 ಟ್ರಕ್ಕು ಟೋಕಿಯೊದ ಪ್ರದರ್ಶನಕ್ಕೆ ಹೋಗುವ ದಾರಿಯಲ್ಲೇ ಕೆಟ್ಟು ನಿಂತಿತು. ಮಾರಿದ ಟ್ರಕ್ಕುಗಳು ಎಲ್ಲೆಂದರಲ್ಲಿ ನಿಲ್ಲುತ್ತಿದ್ದವು, ಕಂಪನಿಯ ಎಂಜಿನಿಯರುಗಳೇ ಓಡಿ ಹೋಗಿ ರಿಪೇರಿ ಮಾಡಿ, ಏನು ಮುರಿಯಿತು ಎಂದು ಬರೆದುಕೊಂಡು ಬರುತ್ತಿದ್ದರು. 1937ರಲ್ಲಿ ಟೊಯೊಟಾ ಮೋಟಾರ್ ಬೇರೆ ಕಂಪನಿಯಾಯಿತು. 1950ರ ಹೊತ್ತಿಗೆ ದಿವಾಳಿಯ ಅಂಚು. ದೀರ್ಘ ಮುಷ್ಕರ ನಡೆದು ಸುಮಾರು 1,600 ಮಂದಿ ಕೆಲಸ ಬಿಟ್ಟರು, ಹೊಣೆ ಹೊತ್ತು ಕಿಚಿರೊ ಕೂಡ ರಾಜೀನಾಮೆ ಕೊಟ್ಟ. ಕೊರಿಯಾ ಯುದ್ಧಕ್ಕೆ ಅಮೆರಿಕದ ಸೇನೆ ಟ್ರಕ್ಕು ಕೊಂಡದ್ದರಿಂದ ಕಂಪನಿ ಉಸಿರಾಡಿತು. 1957ರಲ್ಲಿ ಅಮೆರಿಕಕ್ಕೆ ಒಯ್ದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯಲ್ಲಿ ಏದುಸಿರು ಬಿಟ್ಟು ವಾಪಸಾಯಿತು.

ಪರಿಸ್ಥಿತಿ ಬದಲಿಸಿದವರಲ್ಲಿ ಮುಖ್ಯನಾದವನು ತೈಚಿ ಓನೊ. ಅವನೂ ನೂಲಿನ ಗಿರಣಿಯಿಂದ ಬಂದವನೇ. 1932ರಲ್ಲಿ ಟೊಯೊಡಾ ಜವಳಿ ಕಂಪನಿ ಸೇರಿ, 1943ರಲ್ಲಿ ಮೋಟಾರಿನ ಕಡೆ ಬಂದ. ಮಗ್ಗದ ಲೋಹದ ಪಟ್ಟಿ ಮಾಡುವ ಕೆಲಸವನ್ನು ಕಾರಿನ ಸಾಲಿನಲ್ಲಿ ಮನುಷ್ಯನ ಕೈಗೆ ಕೊಟ್ಟ. ತಲೆಯ ಮೇಲೆ ಒಂದು ಹಗ್ಗ. ಬೋಲ್ಟು ಸರಿಯಾಗಿ ಕೂರಲಿಲ್ಲ, ಬಾಗಿಲು ಅಳತೆಗೆ ಬರಲಿಲ್ಲ ಅನ್ನಿಸಿದರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಬೇರೆ ಕಾರ್ಖಾನೆಗಳಲ್ಲಿ ಸಾಲು ನಿಲ್ಲಿಸಿದವನಿಗೆ ಬೈಗುಳ ಕಾದಿರುತ್ತಿದ್ದ ಕಾಲ ಅದು. ಬಿಡಿಭಾಗಗಳನ್ನು ಗುಡ್ಡೆ ಹಾಕದೆ ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸುವ ಪದ್ಧತಿಯನ್ನು ಜಗತ್ತೆಲ್ಲ ಹೊಗಳಿ ನಕಲು ಮಾಡಿತು. ನನಗೆ ಹಗ್ಗವೇ ದೊಡ್ಡದು ಅನ್ನಿಸುತ್ತದೆ.

ಇನ್ನು ನಮ್ಮ ಕಡೆಯ ಎಳೆ. ಮಲಪ್ರಭೆಯ ಸೀಮೆಯಲ್ಲಿ, ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ, ಸಾಕಿಚಿಗಿಂತ ಎರಡು ವರ್ಷ ತಡವಾಗಿ, 1869ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಚಿತ್ರಕಲೆ ಕಲಿಯಲು ಮುಂಬೈಗೆ ಹೋಗಿ, ಬಣ್ಣ ಗುರುತಿಸುವ ದೋಷವಿದೆಯೆಂದು ಗೊತ್ತಾಗಿ, ಯಂತ್ರಗಳ ನಕ್ಷೆ ಬಿಡಿಸುವ ಕಡೆ ತಿರುಗಿದವರು. 1888ರಲ್ಲಿ ಅಣ್ಣ ರಾಮುಅಣ್ಣನ ಜತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಆ ನೇಗಿಲನ್ನು ಹೊಲಕ್ಕೆ ಬಿಟ್ಟುಕೊಳ್ಳಲು ಹಿಂಜರಿದರು. ಇವತ್ತು ಮರೋಳದ ಎರೆ ಹೊಲದಲ್ಲಿ ಹನಿ ನೀರಾವರಿಯ ಪ್ಲಾಸ್ಟಿಕ್ ಕೊಳವೆ ಹಾಸಿಕೊಂಡವರಿಗೆ ಇದು ನಗೆ ತರಿಸಬಹುದು. ಬೆಳಗಾವಿಯ ಜಾಗ ಪುರಸಭೆಯ ಪಾಲಾದಾಗ ಔಂಧ್ ಸಂಸ್ಥಾನದ ರಾಜ ಕರೆದು ಜಾಗ ಕೊಟ್ಟ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಊರು ಮಹಾರಾಷ್ಟ್ರದ ಪಾಲಿಗೆ ಹೋದರೂ ಮನೆತನ ಕರ್ನಾಟಕ ಬಿಡಲಿಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರ್ ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್.

ಈ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಟೊಯೊಟಾ ಬಳಗದ ಜತೆ ಕೈಜೋಡಿಸಿದಾಗ ಮೊದಲು ಕರ್ನಾಟಕಕ್ಕೆ ಬಂದದ್ದೂ ಕಾರಲ್ಲ. 1995ರಲ್ಲಿ ಶುರುವಾದ ಕಿರ್ಲೋಸ್ಕರ್ ಟೊಯೊಡಾ ಟೆಕ್ಸ್‌ಟೈಲ್ ಮೆಷಿನರಿ ನೂಲು ತೆಗೆಯುವ ಯಂತ್ರ ಮಾಡುವ ಕಂಪನಿ. ಕಾರಿನ ಕಂಪನಿ, ಟೊಯೊಟಾ ಕಿರ್ಲೋಸ್ಕರ್ ಮೋಟಾರ್, ನೋಂದಣಿಯಾದದ್ದು 1997ರ ಅಕ್ಟೋಬರಿನಲ್ಲಿ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 432 ಎಕರೆ ಜಾಗ. ಇಂದು ಅದರಲ್ಲಿ ಜಪಾನಿನ ಪಾಲು ಶೇ 89, ಕಿರ್ಲೋಸ್ಕರ್ ಪಾಲು ಶೇ 11. ಅಂದರೆ ಹೆಸರಿನಲ್ಲಿ ಅರ್ಧ, ಹಣದಲ್ಲಿ ಒಂಬತ್ತನೇ ಒಂದಂಶ.

2000ದ ಆರಂಭದಲ್ಲಿ ಕ್ವಾಲಿಸ್ ಬಂತು. ಇಂಡೋನೇಷ್ಯಾದ ಹಳೆಯ ಕಿಜಾಂಗ್ ಗಾಡಿಗೆ ಇಲ್ಲಿನ ಅಂಗಿ ತೊಡಿಸಿದ್ದು. ಪತ್ರಿಕೆಗಳು ಪೆಟ್ಟಿಗೆಯೆಂದು ಮೂಗು ಮುರಿದವು. ಡ್ರೈವರುಗಳು ಮುರಿಯಲಿಲ್ಲ. ಬೆಂಗಳೂರಿನ ಐಟಿ ಕಂಪನಿಗಳ ರಾತ್ರಿ ಪಾಳಿಯ ಮಂದಿಯನ್ನು ಹೊತ್ತು, ಹಗಲು ಬೇರೆ ಬಾಡಿಗೆ ಹೊಡೆದು, ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ಎಂಜಿನ್ ಬಿಚ್ಚಿಸದ ಗಾಡಿ ಎಂಬ ಮಾತು ಒಬ್ಬ ಡ್ರೈವರ್‌ನಿಂದ ಇನ್ನೊಬ್ಬನಿಗೆ ದಾಟಿತು. ಜಾಹೀರಾತಿಗಿಂತ ಢಾಬಾದ ಮಾತು ದೊಡ್ಡದು. ಹೀಗೆ ಕೈತುಂಬ ಮಾರಾಟವಾಗುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದಿತು. ಹುಚ್ಚೆಂದವರೇ ಹೆಚ್ಚು. ನಂತರದ್ದು ಗೊತ್ತೇ ಇದೆ: ಶಾಸಕರಿಂದ ಹಿಡಿದು ಗ್ರಾನೈಟ್ ಸಾಹುಕಾರರವರೆಗೆ, ಜಗದ್ಗುರುಗಳಿಂದ ಹಿಡಿದು ಟ್ರಾವೆಲ್ಸಿನವರವರೆಗೆ ಎಲ್ಲರಿಗೂ ಒಂದೇ ಗಾಡಿ. 2010ರ ಎಟಿಯೋಸ್‌ಗೆ ಆ ಭಾಗ್ಯ ಬರಲಿಲ್ಲ, ಟ್ಯಾಕ್ಸಿ ಎಂಬ ಹಣೆಪಟ್ಟಿ ಹಚ್ಚಿಕೊಂಡು 2020ರಲ್ಲಿ ಹೋಯಿತು. 2019ರ ಗ್ಲಾನ್ಜಾ ನೋಡಿದರೆ ಹೆಸರಿನ ಬೆಲೆ ತಿಳಿಯುತ್ತದೆ. ಅದು ಸುಜುಕಿಯ ಬಲೆನೊ, ಮೂತಿಯ ಮೇಲಿನ ಚಿಹ್ನೆ ಮಾತ್ರ ಟೊಯೊಟಾದ್ದು. ಕೊಸಾಯಿಯವರೂ ಹಮಾಮಾತ್ಸುವಿನವರೂ ನೂರು ವರ್ಷದ ಮೇಲೆ ಭಾರತದಲ್ಲಿ ಒಂದೇ ಹಾಸಿನ ಮೇಲೆ ಕೂತರು.

ಬಿಡದಿಯೊಳಗಿನ ಬದುಕು ಗಾಡಿಯಷ್ಟು ಸುಗಮವಾಗಿ ನಡೆದಿಲ್ಲ. 2006ರ ಜನವರಿಯಲ್ಲಿ ಮುಷ್ಕರ ಮತ್ತು ಬೀಗಮುದ್ರೆ, 2014ರ ಮಾರ್ಚಿನಲ್ಲಿ ಸಂಬಳದ ಮಾತುಕತೆ ಮುರಿದು ಮತ್ತೆ ಬೀಗ, 2020ರ ನವೆಂಬರಿನಲ್ಲಿ ಕಾರ್ಮಿಕನೊಬ್ಬನ ಅಮಾನತಿನಿಂದ ಹೊತ್ತಿದ ಜಗಳ ತಿಂಗಳುಗಟ್ಟಲೆ ಎಳೆಯಿತು. ಆಗ ಕಾರ್ಮಿಕರು ಹೇಳಿದ್ದು ಕೆಲಸದ ಒತ್ತಡದ ಬಗ್ಗೆ, ಕಂಪನಿ ಹೇಳಿದ್ದು ಶಿಸ್ತಿನ ಬಗ್ಗೆ. ಗಾಡಿಯ ತಪ್ಪಿಗೆ ಎಳೆಯಲು ಹಗ್ಗವಿರುವ ಕಡೆ ತನ್ನ ದಣಿವಿಗೆ ಎಳೆಯಲು ಯಾವುದೂ ಇಲ್ಲ ಎಂದು ಕೆಲಸಗಾರನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅದೇ ಆವರಣದಲ್ಲಿ 2007ರಿಂದ ಒಂದು ತಾಂತ್ರಿಕ ತರಬೇತಿ ಸಂಸ್ಥೆಯೂ ಇದೆ. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಅಲ್ಲಿ ಊಟ ವಸತಿಯೊಂದಿಗೆ ಮೂರು ವರ್ಷದ ಕಲಿಕೆ. ಎರಡೂ ನಿಜ.

ಹೆಸರಿಗೆ ಪೆಟ್ಟು ಬಿದ್ದದ್ದು ಇಲ್ಲಿ ಮಾತ್ರವಲ್ಲ. ಕಾರು ತಾನಾಗಿ ವೇಗ ಪಡೆಯುತ್ತದೆ ಎಂಬ ದೂರುಗಳ ಮೇಲೆ ಲಕ್ಷಾಂತರ ಗಾಡಿಗಳನ್ನು ವಾಪಸ್ ಕರೆಸಿಕೊಂಡು, 2010ರ ಫೆಬ್ರುವರಿಯಲ್ಲಿ ಸಾಕಿಚಿಯ ಮರಿಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕ್ಷಮೆ ಕೇಳಬೇಕಾಯಿತು. ಕಂಪನಿ ಬೆಳೆದ ವೇಗ ನಾವು ಜನರನ್ನು ತಯಾರು ಮಾಡುವ ವೇಗವನ್ನು ಮೀರಿತು ಎಂಬರ್ಥದ ಮಾತು ಅವನದು.

ಅದಕ್ಕಿಂತ ನಮಗೆ ಹತ್ತಿರದ್ದು 2024ರ ಜನವರಿಯದು. ಡೀಸೆಲ್ ಎಂಜಿನ್ನುಗಳ ಶಕ್ತಿ ಪ್ರಮಾಣೀಕರಿಸುವ ಪರೀಕ್ಷೆಯಲ್ಲಿ, ಮಾರುವ ಗಾಡಿಯಲ್ಲಿ ಇಲ್ಲದ ಬೇರೆ ಸಾಫ್ಟ್‌ವೇರ್ ಹಾಕಿ, ಫಲಿತಾಂಶದ ಏರಿಳಿತ ಕಡಿಮೆ ಕಾಣುವಂತೆ ಮಾಡಿದ್ದು ಹೊರಬಿತ್ತು. ಪರೀಕ್ಷೆ ನಡೆಸಿದ್ದು ಟೊಯೊಟಾ ಇಂಡಸ್ಟ್ರೀಸ್, ಅಂದರೆ 1926ರಲ್ಲಿ ಸಾಕಿಚಿಯ ಸ್ವಯಂಚಾಲಿತ ಮಗ್ಗ ತಯಾರಿಸಲೆಂದೇ ಹುಟ್ಟಿದ ಮೂಲ ಕಂಪನಿ. ಹರಿದ ಎಳೆ ಕಂಡರೆ ನಿಲ್ಲುವ ಯಂತ್ರ ಕೊಟ್ಟವರ ಮನೆಯಲ್ಲೇ ಹರಿದದ್ದನ್ನು ಮುಚ್ಚಿಟ್ಟು ನೇಯ್ದಿದ್ದರು. ಬಿಡದಿಯಿಂದ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಗಾಡಿಗಳ ರವಾನೆ ಕೆಲವು ದಿನ ನಿಂತಿತು. ಫೆಬ್ರುವರಿಯಲ್ಲಿ ಮತ್ತೆ ಹೊರಟಿತು.

ಗಿರಾಕಿಗಳೇನೂ ಬೇರೆ ಅಂಗಡಿಗೆ ಹೋಗಲಿಲ್ಲ. ಟ್ರಾವೆಲ್ಸಿನವರ ತಕರಾರು ಬೇರೆಯೇ ಇತ್ತು. 2022ರ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲ, ಪೆಟ್ರೋಲ್ ಮತ್ತು ಹೈಬ್ರಿಡ್ ಮಾತ್ರ. ಕಂಪನಿ 2023ರಲ್ಲಿ ಡೀಸೆಲ್ ಕ್ರಿಸ್ಟಾವನ್ನು ಮತ್ತೆ ಮಾರತೊಡಗಿತು. ಆದರೂ ಇಳಕಲ್ಲಿನ ಕಡೆ ಬಾಡಿಗೆ ಓಡಿಸುವವರು ಹಳೆಯ ಗಾಡಿಯನ್ನು ಮಾರದೆ ಇನ್ನೂ ಒಂದೆರಡು ವರ್ಷ ಎಳೆಯುವ ಲೆಕ್ಕದಲ್ಲಿದ್ದಾರೆ.